ಸರ್ವರ್ ಹಿಂದಿನ ಗಡಿಗೆ

ದುರ್ಗವ್ವ ಗಡಿಗೆಯನ್ನು ಓರೆ ಮಾಡಿದಳು. ಹಾಲು ಹಾಲಾಗಿಯೇ ಅಂಚಿಗೆ ಬಂತು. ಗಡಿಗೆ ಕೆಳಗಿಟ್ಟು ಸರ್ವರ್‌ಗಳ ಬೆನ್ನಿಗೆ ಅಂಗೈ ಹಿಡಿದಳು.

"ಅಕ್ಕಾರ, ಇವು ಸತ್ತಾವೇನ್ರಿ?"

"ಯಾಕ ಸಾಯ್ತಾವ? ಅಗದೀ ಛಲೋ ನಡದಾವ," ಎಂದಳು ಸಮೀಕ್ಷಾ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಮತ್ತ ಬಿಸೀನ ಇಲ್ಲಲ್ರಿ."

"ಅದ ಅಲ್ಲೇನ್ರಿ ದುರ್ಗವ್ವಾ ಮಜಾ!"

ಅಣ್ಣಿಗೇರಿಯ ಆ ಹಳೆಯ ಹತ್ತಿ ಗೋದಾಮು ಈಗ ಸಣ್ಣದೊಂದು ಡೇಟಾ ಸೆಂಟರ್. ಸುತ್ತಲಿನ ಶಾಲೆ, ಅಂಗಡಿ, ಮಾರುಕಟ್ಟೆಗಳ ಜಾಲತಾಣಗಳೆಲ್ಲ ಇಲ್ಲಿಂದಲೇ ಓಡುತ್ತವೆ. ಅವನ್ನು ನೋಡುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರು, ಹೊರಗಿನ ಟ್ರಾನ್ಸ್‌ಫಾರ್ಮರ್ ಮಾತ್ರ ಅದೇ. ಹಾಗಾಗಿ ಎಂಜಿನಿಯರ್ ಸಮೀಕ್ಷಾ ನಿನ್ನೆ ಹಳೆಯ ಸರ್ವರ್‌ಗಳನ್ನು ಕಳಚಿ ಹೊಸವನ್ನು ಕೂಡಿಸಿದ್ದಳು. ಅರ್ಧ ಕರೆಂಟಿನಲ್ಲಿ ಎರಡರಷ್ಟು ಕೆಲಸ. ಸಂಜೆ ಅವುಗಳ ತಣ್ಣನೆಯ ಮೈ ಸವರಿ ಖುಷಿಯಿಂದ ಮನೆಗೆ ಹೋಗಿದ್ದಳು.

ಈಗ ಗಡಿಗೆ ಕಣ್ಣಿಗೆ ಬಿತ್ತು.

"ಅಯ್ಯ! ಸರ್ವರ್ ಕೋಣ್ಯಾಗ ಹಾಲು?"

"ಹಾಲಲ್ರಿ, ಮೊಸರು. ಆಗಬೇಕಿತ್ತು," ಎಂದಳು ಕಸ ಗುಡಿಸುವ ದುರ್ಗವ್ವ. "ಹ್ವಾದ ಚಳಿಗಾಲದಿಂದ ಇಲ್ಲೇ ಹೆಪ್ಪ ಹಾಕತೇನಿ. ನಿಮ್ಮ ಹಳೇವು ಒಲಿ ಕಾದಂಗ ಕಾಯ್ತಿದ್ದುವು."

ಕಂಪನಿಯವರು ದಂಡ ಎಂದು ಬರೆದುಕೊಂಡಿದ್ದ ಬಿಸಿಯೆಲ್ಲ ಎಲ್ಲಿ ಹೋಗುತ್ತಿತ್ತೆಂದು ಸಮೀಕ್ಷಾಳಿಗೆ ಗೊತ್ತಾಯಿತು. ನಗು ಬಂತು. ದುರ್ಗವ್ವ ನಗಲಿಲ್ಲ.

"ನಾಳೆ ಎಳ್ಳಮಾಸಿ ಐತ್ರಿ. ಚರಗ ಚೆಲ್ಲಾಕ ಕಲಘಟಗಿಯಿಂದ ಬೀಗರು ಮೊದಲನೇ ಸಲ ನಮ್ಮ ಹೊಲಕ್ಕ ಬರಾಕತ್ತಾರ. ನಮ್ಮ ಮೊಸರು ಗಡಿಗಿ ಬೋರಲ ಹಾಕಿದ್ರೂ ಬೀಳಂಗಿಲ್ಲ ಅಂತ ಮದುವ್ಯಾಗ ಹೇಳಿಬಿಟ್ಟೇನ್ರಿ."

"ಮನ್ಯಾಗ ಒಲಿ ಬಾಜೂಕ ಇಡ್ರಲಾ."

"ಗ್ಯಾಸ್ ಬಂದಮ್ಯಾಲೆ ಒಲಿ ಕಿತ್ತೇವ್ರಿ. ಈ ಥಂಡ್ಯಾಗ ಬಿಸಿ ಬೂದಿ ಎಲ್ಲಿಂದ ತರ್ಲಿ?"

ಸಮೀಕ್ಷಾ ಎದ್ದು ಹೊರಗೆ ಹೋದಳು. ಗುಜರಿಗೆಂದು ಪಡಸಾಲೆಯಲ್ಲಿ ಪೇರಿಸಿದ್ದ ಹಳೆಯವುಗಳಲ್ಲಿ ಒಂದನ್ನು ಎಳೆದು ಅಲ್ಲೇ ಪ್ಲಗ್ಗಿಗೆ ಸಿಕ್ಕಿಸಿದಳು. ಅದಕ್ಕೊಂದು ಕೆಲಸ ಬೇಕಲ್ಲ. ಯಾರಿಗೂ ಬೇಡದ ದೊಡ್ಡ ದೊಡ್ಡ ಗುಣಾಕಾರ ಕೊಟ್ಟಳು: ಮಾಡು, ಮರೆ, ಮತ್ತೆ ಮಾಡು. ಫ್ಯಾನುಗಳು ಗೊರಗುಟ್ಟಿದವು. ಗೋಡೆಯ ಮೀಟರಿನ ಕೆಂಪು ದೀಪ ಅವಸರವಸರವಾಗಿ ಮಿಣುಕತೊಡಗಿತು. ಅವಳು ಅತ್ತ ನೋಡಲಿಲ್ಲ.

"ಏನ ಮಾಡಾಕತ್ತೈತ್ರಿ ಅದು?"

"ಏನೂ ಇಲ್ಲ. ನಿಮ್ಮ ಮೊಸರಿನ ಸಲುವಾಗಿ ಸುಮ್ಮನ ಲೆಕ್ಕಾ ಮಾಡ್ಲಿಕ್ಕೆ ಹತ್ತೇದ."

"ಪಾಪ," ಎಂದಳು ದುರ್ಗವ್ವ. ಇನ್ನಷ್ಟು ಹೆಪ್ಪು ಬೆರೆಸಿ ಗಡಿಗೆಯನ್ನು ಅದರ ಹಿಂದಿಟ್ಟು, ಮೇಲೊಂದು ಅರಿವೆ ಮುಚ್ಚಿದಳು. ಸಂಜೆ ಅರಿವೆ ಸರಿಸದೆಯೇ ಗಡಿಗೆ ಎತ್ತಿಕೊಂಡು ಹೋದಳು. ನೋಡಲು ಧೈರ್ಯವಾಗಲಿಲ್ಲ.

ಮರುದಿನ ಕಡಲೆ ಹೊಲದ ನಡುವೆ, ಬನ್ನಿ ಗಿಡದ ನೆರಳಲ್ಲಿ ಜಮಖಾನ ಹಾಸಿತ್ತು. ಸಮೀಕ್ಷಾಳೂ ಬಂದಿದ್ದಳು. ದುರ್ಗವ್ವನ ಗಂಡ ಮುದಕಪ್ಪ ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿ ಬಂದ. ಎಲ್ಲರೂ ಊಟಕ್ಕೆ ಕೂತರು. ಸೊಸೆಯ ತಂದೆ ಮಾಳಿಂಗರಾಯ ಸಜ್ಜೆ ರೊಟ್ಟಿ ಪಕ್ಕಕ್ಕಿಟ್ಟು ಮೀಸೆಯಲ್ಲೇ ನಕ್ಕ.

"ಬೀಗತಿ, ಮದುವ್ಯಾಗ ಏನೋ ಅಂದಿದ್ರಿ?"

ದುರ್ಗವ್ವ ಬಾಯಿ ತೆರೆಯುವ ಮೊದಲೇ ಗಡಿಗೆಯನ್ನೆತ್ತಿ ತನ್ನ ಗಂಗಾಳದ ಮೇಲೆ ಬೋರಲು ಹಿಡಿದ. ಒಂದು ಹನಿ ತಿಳಿನೀರು ಬಿತ್ತು. ಮತ್ತೇನೂ ಬೀಳಲಿಲ್ಲ.

"ಎಲಾ ಇವರ!" ಎಂದ ಮಾಳಿಂಗರಾಯ. "ಈಗ ಉಣ್ಣೂದು ಹೆಂಗ ಇದನ್ನ?"

ಹೊಲದ ತುಂಬ ನಗು. ಮೂರು ಸಲ ಮೊಸರನ್ನ ಹಾಕಿಸಿಕೊಂಡ ಮುದಕಪ್ಪ ಕೈ ತೊಳೆದವನೇ ಜಮಖಾನದ ಅಂಚಿಗೆ ಮೈ ಚಾಚಿದ. ಗೊರಕೆ ಶುರುವಾಯಿತು.

"ದುರ್ಗವ್ವಾ, ಆ ಹಳೇ ಮಷೀನ್ ನೀವ ಒಯ್ರಿ," ಎಂದಳು ಸಮೀಕ್ಷಾ. "ಸಾಹೇಬ್ರನ್ನ ಕೇಳೇನಿ, ಹೂಂ ಅಂದಾರ. ಪುಕ್ಕಟೆ. ಚಳಿಗಾಲ ಪೂರ್ತಿ ಮನ್ಯಾಗ ಹೆಪ್ಪ ಹಾಕ್ರಿ."

ದುರ್ಗವ್ವ ಗಂಡನ ಕಡೆ ನೋಡಿದಳು.

"ಕೆಲಸಿಲ್ಲದ ಕುಂತ ತಿಂದು, ಗೊರಗೊರ ಅನ್ನೂದು ಮನ್ಯಾಗ ಒಂದೈತ್ರಿ ಅಕ್ಕಾರ."

"ಹಂಗಲ್ರಿ, ಮೊಸರಿನ ಸಲುವಾಗಿ..."

"ಒಲ್ಲೆ," ಎಂದಳು ದುರ್ಗವ್ವ.