ತಂಬಿಗೆಯ ಹೊಟ್ಟೆಯೊಳಗೆ

ತಂಬಿಗೆಯ ಕಂಠದ ಮೇಲೆ ಕೆಂಪು ಮಿಣುಕು ಹರಿದಾಡಿ ನಿಂತಿತು, ನಿಂತಲ್ಲಿಂದ ಮತ್ತೆ ಜಾರಿತು, ಲೆನ್ಸಿನ ಬಳೆಯನ್ನು ಎಳ್ಳಷ್ಟು ತಿರುಗಿಸಿದರೆ ಸಾಕು ಇರುವೆ ಸಾಲಿನ ಹಾಗೆ ಹೊರಟುಬಿಡುತ್ತದೆ — ಫೋಕಸ್ ಎಲ್ಲಿ ಕೂತಿದೆಯೋ ಆ ಅಂಚಿಗೆ ಕ್ಯಾಮೆರಾ ತಾನೇ ಪರದೆಯ ಮೇಲೆ ಕೆಂಪು ಬಳಿದು ತೋರಿಸುವುದು, ಅದನ್ನು ಮೊದಲ ಸಲ ಕಂಡಾಗ ಅತ್ತೆ ಏನಂದಿದ್ದರು, ತಂಬಗಿಗೆ ಕುಂಕುಮ ಹಚ್ಚಾಕತೈತಲ್ಲ ಇದು, ಬಾಳ ಭಕ್ತಿ ಐತಿ ಬಿಡು ನಿನ್ನ ಕ್ಯಾಮೆರಾಕ್ಕ — ರೂಪಾಲಿಗೆ ಈಗಲೂ ನಗು ಬರುತ್ತದೆ, ನಗುವಿನ ಬೆನ್ನಿಗೇ ಗಡಿಯಾರದ ಕಡೆ ಕಣ್ಣು ಹೋಗುತ್ತದೆ, ಮಿಲ್ಲಿನ ಶಿಫ್ಟು ಬಿಟ್ಟೊಡನೆ ಗಂಡ ಪುಂಡಲೀಕ ಬರುತ್ತಾನೆ, ಬಂದವನೇ ತನ್ನ ಅವ್ವನ ಆಧಾರ್ ಕಾರ್ಡು ತೆಗೆದುಕೊಂಡು ಸ್ಟುಡಿಯೋಕ್ಕೆ ಹೋಗುತ್ತಾನೆ, ನಾಳೆ ಹಿರಿಯರ ಹಬ್ಬ, ಅತ್ತೆ ಗೋದುಬಾಯಿ ತೀರಿಕೊಂಡ ಮೇಲೆ ಬರುತ್ತಿರುವ ಮೊದಲನೆಯದು, ಹೊಸ ಸೀರೆ ಇಟ್ಟು ಎಡೆ ಹಿಡಿಯಬೇಕು, ಸೀರೆ ಬಂದಿದೆ, ಹೋಳಿಗೆಗೆ ಬೇಳೆ ಬಂದಿದೆ, ಹಿಂದೆ ನಿಲ್ಲಿಸಲು ಫೋಟೋ ಮಾತ್ರ ಇಲ್ಲ. ಹಗಲೆಲ್ಲ ಫೋಟೋ ತೆಗೆಯುವ ಸೊಸೆಯ ಮನೆಯಲ್ಲಿ ಅತ್ತೆಯದೊಂದು ಫೋಟೋ ಇಲ್ಲ, ದೀಪದ ಬುಡದಲ್ಲಿ ಕತ್ತಲೆ ಎಂದು ಅತ್ತೆಯ ಮಣ್ಣಿಗೆ ಬಂದವರೆಲ್ಲ ಅಂದು ಹೋದರು, ಅನ್ನಲಿ. ಆಧಾರಿನಲ್ಲಿ ಯಾರು ತಾನೆ ತಮ್ಮ ಹಾಗೆ ಕಾಣುತ್ತಾರೆ, ಅತ್ತೆ ಅದರಲ್ಲಿ ಪೊಲೀಸರು ಹಿಡಿದು ತಂದು ಕೂರಿಸಿದವರ ಹಾಗಿದ್ದಾರೆ, ಹಣೆಯ ಹಚ್ಚೆ ಕೂಡ ಬೆಳಕಿಗೆ ಅಳಿಸಿಹೋಗಿದೆ, ಸ್ಟುಡಿಯೋದವರು ಆ ತಲೆಯನ್ನಷ್ಟು ಕತ್ತರಿಸಿ ಕಂಪ್ಯೂಟರಿನಲ್ಲಿ ತಯಾರಿರುವ ರೇಷ್ಮೆ ಸೀರೆಯ ಮೈಗೆ ಅಂಟಿಸುತ್ತಾರೆ, ಮುತ್ತೈದೆಯರಿಗೆ ಒಂದು ಮೈ, ತಾಳಿ ಇಲ್ಲದವರಿಗೆ ಇನ್ನೊಂದು, ಊರಿನ ಎಷ್ಟು ಗೋಡೆಗಳ ಮೇಲೆ ಅದೇ ಹೆಂಗಸು ತಲೆ ಬದಲಿಸಿಕೊಂಡು ಕೂತಿದ್ದಾಳೋ, ಆ ದುಂಡು ಭುಜ, ಆ ನೀಲಿ ಸೀರೆ, ಅತ್ತೆಯನ್ನೂ ಅದರೊಳಗೆ ಕೂರಿಸುವುದು ರೂಪಾಲಿಗೆ ಬೇಡ, ಏನಾದರೂ ಆಗಲಿ ಅದು ಮಾತ್ರ ಬೇಡ. ನಾ ಬರೂದ್ರೊಳಗ ನಿನಗ ಏನರ ಸಿಕ್ರ ಸರಿ, ಇಲ್ಲಂದ್ರ ಅದನ್ನ ಮಾಡಸೂಣು, ಎಂದು ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಪುಂಡಲೀಕ ಹೇಳಿ ಹೋದ.

ಸಿಕ್ಕರೆ ಎಲ್ಲಿ ಸಿಗಬೇಕು, ಫೋಟೋ ಎಂದರೆ ಸೆರಗು ಮುಖಕ್ಕೆಳೆದುಕೊಂಡು ಅಡುಗೆಮನೆ ಸೇರುವ ಹೆಂಗಸು, ತಗಿಸಿಕೊಂಡಷ್ಟೂ ಆಯುಷ್ಯ ಸವೀತೈತಿ ಅಂತ ನಮ್ಮವ್ವ ಹೇಳ್ತಿದ್ಲು, ನೀ ಜೀವ ಇಲ್ಲದ್ದನ್ನ ತಗೀತಿ, ಅದಕ್ಕೇನೂ ತ್ರಾಸಿಲ್ಲ, ತಗಿ — ಹೌದು, ಜೀವ ಇಲ್ಲದ್ದನ್ನೇ, ಜೋಯಿಡಾ ಕಡೆಯ ಹೆಂಗಸರ ಸಂಘದ ಮುರುಗಲು ಸಿಪ್ಪೆ, ಜೇನಿನ ಬಾಟಲಿ, ಹಲಸಿನ ಹಪ್ಪಳ, ಲೇಬಲ್ಲಿಗೆ ಫೋಟೋ ಬೇಕು ಎಂದು ಸಂಘದ ರಾಜಶ್ರೀ ಬಸ್ಸಿನಲ್ಲಿ ಇಟ್ಟು ಕಳಿಸುತ್ತಾಳೆ, ಅವು ಮುಗಿದ ಮೇಲೆ ತನ್ನ ಖುಷಿಗೆ ಒಂದು ಬದನೆಕಾಯಿ, ಒಂದು ಕಂಚಿನ ಬಟ್ಟಲು, ಈ ಹಿತ್ತಾಳೆ ತಂಬಿಗೆ, ಕಿಟಕಿಯ ಬೆಳಕು ಯಾವುದರ ಮೇಲೆ ಕೂರುತ್ತದೆ, ಯಾವುದರ ಮೇಲಿಂದ ಜಾರುತ್ತದೆ, ನೋಡುತ್ತ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಲೆನ್ಸು ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ನೌಕರಿ ಮಾಡಿದ ಸೋದರಮಾವ ಮಹಾಬಳೇಶ್ವರನದು, ರೀಲು ಹಾಕುವ ಕಾಲದ್ದು, ಘಟ್ಟದ ತೇವಕ್ಕೆ ಅದರ ಗಾಜಿನೊಳಗೆ ಒಂದಿಷ್ಟು ಬೂಸಲು ಕೂತಿದೆ, ಕ್ಯಾಮೆರಾ ಹೊಸದು, ಒಳಗೆ ಕನ್ನಡಿಯೇ ಇಲ್ಲದ್ದು, ಕನ್ನಡಿ ಇಲ್ಲದ್ದಕ್ಕೆ ಮೈ ತೆಳ್ಳಗೆ, ಮೈ ತೆಳ್ಳಗಿದ್ದದ್ದಕ್ಕೆ ನಡುವೆ ಒಂದು ಬಳೆ ಕೂರಿಸಿ ಯಾವ ಕಾಲದ ಲೆನ್ಸನ್ನಾದರೂ ಇದಕ್ಕೆ ತೊಡಿಸಬಹುದು, ಹೀಗೆಂದು ಅತ್ತೆಗೆ ಬಿಡಿಸಿ ಹೇಳಿದರೆ, ಹಂಗಾರ ಕನ್ನಡಿ ಕಳಚಿಟ್ಕೊಂಡು ಉಳದದ್ದನ್ನ ನಿನ್ನ ಕೈಯಾಗ ಕೊಟ್ಟಾರ, ನೀ ಹೊತ್ಕೊಂಡು ಬಂದಿ. ಆನ್‌ಲೈನಿನಲ್ಲಿ ತರಿಸಿದ ಬಳೆ ಗಳಗಳ ಅಲ್ಲಾಡುತ್ತಿತ್ತು, ಲೇತ್ ಮಷೀನಿನ ಸುಭಾನಿ ಚಾಚಾ ಬೇರೆ ಒಂದು ಕಡೆದು ಕೊಟ್ಟ, ಅದು ಒಂದು ಕೂದಲಷ್ಟು ದಪ್ಪವಾಯಿತು, ಅಷ್ಟು ದಪ್ಪಕ್ಕೇ ದೂರದ್ದು ಯಾವುದೂ ಫೋಕಸ್ಸಿಗೆ ಬಾರದೆ ಹೋಯಿತು, ತೋರಿಸಿದರೆ ಚಾಚಾ ಗಡ್ಡ ಕೆರೆದುಕೊಂಡು, ಬದನಿಕಾಯಿ ತಗಿಯಾಕ ನಿನಗ ಗುಡ್ಡ ಯಾಕ ಬೇಕವ್ವಾ, ಎಂದುಬಿಟ್ಟ. ಜಾಣ ಮುದುಕ, ತಪ್ಪನ್ನೂ ಮಾರಿ ಕಳಿಸಿದ, ಆದರೆ ಮೇಜಿನ ಮೇಲಿನದು ಚೆನ್ನಾಗಿಯೇ ಬರುತ್ತದೆ.

ಎಡಕ್ಕೆ ಕಿಟಕಿ, ನಡುವೆ ಮೇಜು, ಬಲಕ್ಕೆ ಅತ್ತೆ, ಅತ್ತೆಯ ಕೈಯಲ್ಲಿ ಥರ್ಮಾಕೋಲಿನ ಹಲಗೆ, ಕಿಟಕಿಯ ಬೆಳಕನ್ನು ನೆರಳಿನ ಕಡೆಗೆ ತಿರುಗಿಸಲು — ಅಷ್ಟು ಕೆಲಸಕ್ಕೆ ಒಂದು ಕುರ್ಚಿ ಸಾಕಿತ್ತು, ಆದರೆ ಗೋದುಬಾಯಿ ಕುರ್ಚಿಗೆ ಬಿಡುತ್ತಿರಲಿಲ್ಲ, ಊಟವಾದೊಡನೆ ತಾವೇ ಹಲಗೆ ಹಿಡಿದು ಬಂದು ನಿಲ್ಲುವುದು, ಹಲಗೆಯ ಹಿಂದಿನಿಂದ ಮಾತು ಬರುತ್ತಲೇ ಇರುವುದು, ಮೀನು ತರಾಕಿ ಇವತ್ತ ಬರಲಿಲ್ಲ, ಪುಂಡ್ಯಾ ಸಣ್ಣಾಂವ ಇದ್ದಾಗ ಉಳವಿ ಜಾತ್ರ್ಯಾಗ ತಪ್ಪಿಸಿಕೊಂಡಿದ್ದ, ಬದನಿಕಾಯಿ ತಗದಾದ್ರ ಕೊಡು, ಎಣಗಾಯಿ ಮಾಡ್ತೇನಿ. ತಂಬಿಗೆಯ ಸರದಿ ಬಂದರೆ ಮಾತ್ರ ಜಗಳ, ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸೂರ್ಯನ ಹಾಗೆ ಮಾಡಿ ತಂದಿಡುವರು, ಅಷ್ಟು ತಿಕ್ಕಬ್ಯಾಡ್ರಿ ಅತ್ತಿ, ಎಲ್ಲಾ ಅದರಾಗ ಕಾಣತೈತಿ, ಮಾಸಿದ ತಂಬಗಿ ತಗದ್ರ ನೋಡಿದ ಮಂದಿ ಏನಂತಾರ, ಈ ಮನ್ಯಾಗ ಹೆಣ್ಣಮಕ್ಕಳಿಲ್ಲೇನ ಅಂತಾರ — ಆಮೇಲೆ ರೂಪಾಲಿಯ ಪಾಡು, ಫಳಫಳ ಹೊಟ್ಟೆಯಲ್ಲಿ ಕಿಟಕಿ ಬರುತ್ತದೆ, ತಾನು ಬರುತ್ತಾಳೆ, ಅತ್ತೆ ಬರುತ್ತಾರೆ, ಒಬ್ಬೊಬ್ಬರನ್ನೇ ಹೊರಗೆ ಹಾಕಬೇಕು, ಅತ್ತಿ ತಲಿ ಬಗ್ಗಸ್ರಿ, ತಂಬಗ್ಯಾಗ ಬರಾಕತ್ತೀರಿ, ಹೌದೇನ, ಈಗ, ಇನ್ನೂ ಸ್ವಲ್ಪ, ಈಗ ಕಾಣವಲ್ರಿ ನೋಡ್ರಿ. ಗೋದುಬಾಯಿಗೆ ಅದೊಂದು ಆಟವೇ ಆಗಿಬಿಟ್ಟಿತ್ತು, ಹಲಗೆಯ ಹಿಂದೆ ಕೂತು ಕಂಡ್ನೇನು, ಕಂಡ್ನೇನು ಎಂದು ಕೇಳುತ್ತಿದ್ದರು.

ಇವತ್ತು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗಲೇ ಹೊಳೆದದ್ದು, ಹೊರಗೆ ಹಾಕಿದೆ ಹಾಕಿದೆ ಎನ್ನುತ್ತೇನಲ್ಲ, ಪೂರ್ತಿ ಹೊರಗೆ ಹೋಗಿದ್ದಾರೆಯೇ ಅವರು, ಕೈ ಒರೆಸಿಕೊಂಡು ಬಂದು ಕಂಪ್ಯೂಟರ್ ಹಚ್ಚಿ ತಂಬಿಗೆಯ ಒಳ್ಳೆಯ ಫೋಟೋಗಳನ್ನೆಲ್ಲ ತೆಗೆದು ಒಂದೊಂದೇ ಹಿಗ್ಗಿಸಿದಳು, ಹೊಟ್ಟೆಯ ಬಲಬದಿಯಲ್ಲಿ ಒಂದು ಬಿಳಿ ಚೌಕ, ಚೌಕದ ಮೇಲೆ ಏನೋ ಕಪ್ಪು, ನೀರಿನಲ್ಲಿ ಕಲಸಿದ ಹಾಗೆ, ಇನ್ನೊಂದರಲ್ಲೂ ಬಿಳಿ ಚೌಕ, ಮತ್ತೊಂದರಲ್ಲೂ, ಇದ್ದಾರೆ, ಪ್ರತಿಯೊಂದರಲ್ಲೂ ಇದ್ದಾರೆ, ಆದರೆ ಕಲಸಿಹೋಗಿದ್ದಾರೆ. ಯಾಕೆ ಹೀಗೆ, ತಂಬಿಗೆಯ ಮೇಲಿನ ಹುಣಸೆಹಣ್ಣಿನ ಗೀರು ಎಣಿಸುವಷ್ಟು ಚೂಪಾಗಿದೆ, ಅದೇ ತಂಬಿಗೆಯ ಅದೇ ಜಾಗದಲ್ಲಿರುವ ಅತ್ತೆ ಯಾಕೆ ಮಸುಕು, ಈ ಪ್ರಶ್ನೆ ಹಿಡಿದ ಮೇಲೆ ಹಬ್ಬವೂ ಮರೆತುಹೋಯಿತು, ಕಪ್ಪಿಟ್ಟಿದ್ದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಅತ್ತೆ ನೋಡಿದ್ದರೆ ಇಷ್ಟೇನ ಅನ್ನುತ್ತಿದ್ದರು, ಇನ್ನಷ್ಟು ತಿಕ್ಕಿದಳು, ಬಲಕ್ಕೆ ಕುರ್ಚಿ ಇಟ್ಟು ಹಲಗೆ ಒರಗಿಸಿದಳು, ಕ್ಯಾಮೆರಾ ಹಿಡಿದು ಬಗ್ಗಿದಳು — ಈಗ ಕೆಂಪು ಮಿಣುಕು ಕಂಠದ ಮೇಲಿದೆ, ಹೊಟ್ಟೆಗೆ ತಂದಳು, ಗೀರುಗಳ ಮೇಲೆ ಕೂತಿತು, ಹೊಟ್ಟೆಯೊಳಗೆ ಕಾಣುವ ಕುರ್ಚಿ ಮಸುಕು, ಇನ್ನೂ ಆಚೆಗೆ ತಿರುಗಿಸಿದರೆ ತಂಬಿಗೆ ದಾಟಿ ಹೋಗುತ್ತದೆ, ಹೋಗಲಿ, ತಿರುಗಿಸಿದಳು, ಗೀರುಗಳು ಕರಗಿದವು, ತಂಬಿಗೆಯೇ ಕರಗಿತು, ಕೆಂಪು ಎಲ್ಲೂ ಇಲ್ಲ, ಇಲ್ಲ, ಇಲ್ಲ, ಆಮೇಲೆ ಒಮ್ಮೆಗೇ ತಂಬಿಗೆಯೊಳಗಿನ ಕುರ್ಚಿಯ ಕೈಗೆ, ಹಲಗೆಯ ನಾಲ್ಕೂ ಅಂಚಿಗೆ ಸರ್ರನೆ ಕೆಂಪು ಏರಿತು. ಅಯ್ಯ ಶಿವನೇ, ತಂಬಿಗೆ ಇರುವ ಜಾಗ ಬೇರೆ, ತಂಬಿಗೆಯೊಳಗಿನವರು ಇರುವ ಜಾಗ ಬೇರೆ, ಗೋಡೆಯ ಕನ್ನಡಿಯಲ್ಲೂ ಅಷ್ಟೇ ಅಲ್ಲವೇ, ನಾವು ಗಾಜಿನ ಮೇಲೆಲ್ಲಿ ಇರುತ್ತೇವೆ, ಗಾಜಿನ ಆಚೆ ಇರುತ್ತೇವೆ, ಇಷ್ಟು ವರ್ಷ ಲೋಹದ ಮೇಲೆ ಕಣ್ಣಿಟ್ಟವಳಿಗೆ ಅದರ ಹಿಂದೆ ಎರಡು ಬೆರಳು ಒಳಗೆ ಮನೆ ಮಾಡಿಕೊಂಡವರು ಹೇಗೆ ಸಿಗಬೇಕು. ಅಂದರೆ ತಂಬಿಗೆ ಚೆನ್ನಾಗಿ ಬಂದಲ್ಲಿ ಅತ್ತೆ ಸಿಗುವುದಿಲ್ಲ, ತಂಬಿಗೆ ಕೆಟ್ಟಲ್ಲಿ ಹುಡುಕಬೇಕು.

ಕೆಟ್ಟ ಫೋಟೋಗಳನ್ನು ಒಂದು ಕಡೆ ತಳ್ಳಿಟ್ಟಿದ್ದಾಳೆ, ಒಗೆಯಲು ಬೇಸರವಾಗಿ ಉಳಿದವು, ಬೇಸರವೂ ಒಮ್ಮೊಮ್ಮೆ ಪುಣ್ಯ ಕಟ್ಟಿಕೊಳ್ಳುತ್ತದೆ, ತೆರೆದಳು, ಇದು ಕೈ ಅಲ್ಲಾಡಿದ್ದು, ಇದರಲ್ಲಿ ಫೋಕಸ್ ಈಚೆಗೆ ನಿಂತಿದೆ, ಇದು ಬರೀ ಬೆಳಕು, ಇದು — ತಂಬಿಗೆ ಹಳದಿ ಮಂಜಾಗಿದೆ, ಮಂಜಿನೊಳಗೆ ಎಳ್ಳಿನಷ್ಟು ಚೂಪಾದದ್ದೇನೋ, ಹಿಗ್ಗಿಸು, ಇನ್ನೂ, ಕಿಟಕಿಯ ಸರಳು, ಮೇಜು, ನಡುವೆ ನಿಂತ ತಾನು, ಮುಖವಿರುವಲ್ಲಿ ಕಪ್ಪು ಕ್ಯಾಮೆರಾ, ಬಲಕ್ಕೆ ಬಿಳಿ ಹಲಗೆ, ಹಲಗೆಯ ಅಂಚಿಗೆ ಬೆರಳು, ಬೆರಳಿನ ತಾಮ್ರದ ಉಂಗುರವೂ ಕಾಣುತ್ತಿದೆ, ಮುಖ ಇಲ್ಲ, ಹಲಗೆಯ ಹಿಂದೆ. ಮುಂದಿನದರಲ್ಲಿ ಉಂಗುರ ಇದೆ, ಸೆರಗಿನ ಚುಂಗು ಇದೆ, ಮುಖ ಇಲ್ಲ, ಇನ್ನೊಂದರಲ್ಲೂ ಇಲ್ಲ, ಹೇಳಿದ ಮಾತು ಇಷ್ಟು ಕೇಳುವುದೇ ಯಾರಾದರೂ, ಉಪ್ಪು ಕಡಿಮೆ ಹಾಕಿಕೊಳ್ಳಿರಿ ಎಂದು ಡಾಕ್ಟರು ಹೇಳಿದ್ದನ್ನು ಒಂದು ದಿನ ಕೇಳಲಿಲ್ಲ, ಇದನ್ನು ಮಾತ್ರ ಯಾಕೆ ಕೇಳಿದಿರಿ, ರೂಪಾಲಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಅಳು ಬಂತು, ಕಣ್ಣೊರೆಸಿಕೊಂಡು ಮುಂದಿನದಕ್ಕೆ ಹೋದಳು, ಹೊರಗೆ ಓಣಿಯಲ್ಲಿ ಪುಂಡಲೀಕನ ಗಾಡಿ ತಿರುಗಿದ ಸದ್ದು, ಇನ್ನೊಂದು, ಇನ್ನೊಂದು ನೋಡುತ್ತೇನೆ — ಬಿಳಿ ಹಲಗೆ, ಬೆರಳು, ಉಂಗುರ, ಹಲಗೆ ಸ್ವಲ್ಪ ಕೆಳಗಿದೆ, ಕೈ ಸೋತಿತ್ತೋ, ಬೇಕೆಂದೇ ಇಳಿಸಿದರೋ, ಹಲಗೆಯ ಮೇಲೆ ಹಣೆ, ಹಣೆಯ ನಡುವೆ ಹಚ್ಚೆ, ಹಚ್ಚೆಯ ಕೆಳಗೆ ಕಣ್ಣು. ಸಿಕ್ತೇನ, ಏನರ ಸಿಕ್ತೇನ, ಪುಂಡಲೀಕ ಬಾಗಿಲಲ್ಲಿ ಬೂಟು ಬಿಚ್ಚುತ್ತ ಕೇಳುತ್ತಿದ್ದಾನೆ, ಸಿಕ್ಕಿದೆ ಎನ್ನಬೇಕು, ಅರ್ಧ ಮುಖ ಎನ್ನಬೇಕು, ಇಷ್ಟನ್ನೇ ಎಡೆಯ ಹಿಂದೆ ಇಡೋಣ ಎನ್ನಬೇಕು, ಬೆರಳು ಇನ್ನಷ್ಟು ಹಿಗ್ಗಿಸುತ್ತಿದೆ, ಅತ್ತೆ ತಂಬಿಗೆ ನೋಡುತ್ತಿಲ್ಲ, ಬದನೆಕಾಯಿ ನೋಡುತ್ತಿಲ್ಲ, ನಡುವೆ ಕ್ಯಾಮೆರಾದ ಹಿಂದೆ ಮುಖವಿಲ್ಲದೆ ನಿಂತಿದ್ದಾಳಲ್ಲ ಅವಳ ಕಡೆ ತಲೆ ತಿರುಗಿಸಿದ್ದಾರೆ, ಬಿಳಿ ಹಲಗೆಯ ಮೇಲೆ ಎರಡು ಕಣ್ಣು, ಸೊಸೆಯನ್ನೇ ನೋಡುತ್ತಿರುವ ಎರಡು ಕಣ್ಣು, ಎರಡು ಕಣ್ಣು