ಅಕ್ಕನ ತೋಳಿನ ಅಳತೆ

ಬಂದೂಕಿಗೆ ಭುಜಕ್ಕಾನುವ ಮರ ಕೂರಿಸುವ ಮೇಸ್ತ್ರಿಯ ಅಂಗಡಿಯಲ್ಲಿ ಗಿರಾಕಿಗೆ ಹಾಕುವ ಮೊದಲ ಪ್ರಶ್ನೆ, "ಯಾಕೆ ಬೇಕು?" ಎಂಬುದು. ಪೊಲೀಸರ ಹಾಗೆ ಗದರಿ ಕೇಳುವುದಲ್ಲ, ದರ್ಜಿ "ಆಫೀಸಿಗಾ, ಮದುವೆಗಾ?" ಎಂದು ಕೇಳುತ್ತಾನಲ್ಲ, ಹಾಗೆ. ಹಕ್ಕಿ ಹೊಡೆಯುವವನಿಗೆ ಬೇಕಾದ ಮರವೇ ಬೇರೆ, ದಿನವಿಡೀ ಹೆಗಲಿಗೇರಿಸಿ ಬಾಗಿಲು ಕಾಯುವವನಿಗೆ ಬೇಕಾದದ್ದೇ ಬೇರೆ. ಗೋಡೆಗೆ ತೂಗುಹಾಕಿ ನೆಂಟರಿಗೆ ತೋರಿಸುವವನ ಮರಕ್ಕೆ ಹೊಳಪೊಂದಿದ್ದರೆ ಸಾಕು.

ಉತ್ತರಗಳೂ ಬಗೆಬಗೆಯವು. ಚಿನ್ನದಂಗಡಿಯ ಕಾವಲುಗಾರ, "ಬಂದೂಕಿದ್ದವನಿಗೆ ಕುರ್ಚಿ ಕೊಡ್ತಾರೆ, ಇಲ್ಲದವನು ಬಿಸಿಲಲ್ಲಿ ನಿಲ್ಲಬೇಕು" ಎಂದಿದ್ದ. ವಕೀಲರೊಬ್ಬರು, "ಅಪ್ಪಂದು. ಮಾರೋಕೆ ಮನಸ್ಸಿಲ್ಲ, ಮುಟ್ಟೋಕೆ ಧೈರ್ಯ ಇಲ್ಲ" ಎಂದಿದ್ದರು. ರಿಟೈರಾದ ಮೇಷ್ಟ್ರು ಪ್ರಾಮಾಣಿಕರು: "ಪಕ್ಕದ ಮನೆಯವನು ತಗೊಂಡ, ಅದಕ್ಕೆ." ಉಳಿದವರೆಲ್ಲ ಕಳ್ಳರ ಹೆಸರು ಹೇಳುತ್ತಿದ್ದರು. ಅಂಥವನೊಬ್ಬ ಹೊರಗೆ ಹೋದ ಮೇಲೆ ಮೇಸ್ತ್ರಿ, "ಅವನ ಮನೆ ನೋಡಿದೀನಿ. ಕಳ್ಳ ಬಂದರೆ ಅಯ್ಯೋ ಪಾಪ ಅಂತ ಏನಾದರೂ ಇಟ್ಟೇ ಹೋಗ್ತಾನೆ" ಎಂದು ಗೊಣಗಿದ್ದ. ಮೇಸ್ತ್ರಿಯ ಹತ್ತಿರ ಮಾತ್ರ ಬಂದೂಕಿರಲಿಲ್ಲ. ಕೇಳಿದವರಿಗೆ, "ಹಲ್ಲಿನ ಡಾಕ್ಟರು ಕಿತ್ತ ಹಲ್ಲನ್ನ ಮನೆಗೆ ಒಯ್ತಾನಾ?" ಎನ್ನುತ್ತಿದ್ದ.

ಇದನ್ನೆಲ್ಲ ಕೇಳಿಸಿಕೊಂಡು ಬಾಯಿ ಬಿಡದೆ ಅಳತೆ ತೆಗೆಯುವವಳು ಅವನ ಮಗಳು. ಡಿಗ್ರಿ ಮುಗಿಸಿ ನಾಲ್ಕು ವರ್ಷವಾಗಿತ್ತು. ಮೂರು ಸಂದರ್ಶನಗಳಲ್ಲಿ ಗಂಟಲು ಕಟ್ಟಿ, ನಾಲ್ಕನೆಯದಕ್ಕೆ ಹೋಗದೆ ಅಪ್ಪನ ಅಂಗಡಿಗೇ ಬಂದು ನಿಂತಿದ್ದಳು. ಕೊರಳಲ್ಲಿ ಸದಾ ಟೇಪು, ಬಾಯಲ್ಲಿ ಬರೀ ಅಂಕಿ. ಗಿರಾಕಿಗಳು ಅವಳಿಗೆ ಟೇಪಮ್ಮ ಎಂದು ಹೆಸರಿಟ್ಟಿದ್ದರು. ಅವಳು ಅಳೆಯುತ್ತಾಳೆ, ಮೇಸ್ತ್ರಿ ಕೊಯ್ಯುತ್ತಾನೆ ಎಂದು ಊರೆಲ್ಲ ನಂಬಿತ್ತು. ಮೇಸ್ತ್ರಿಯ ಬಲಗೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು ಎಂಬುದು ಅಪ್ಪ ಮಗಳಿಬ್ಬರಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಅಂದಿನಿಂದ ಅಂಗಡಿಯಿಂದ ಹೊರಬಿದ್ದ ಒಂದೊಂದು ಮರವೂ ಟೇಪಮ್ಮನ ಕೈಯದೇ.

ವೇಬ್ರಿಜ್ ಅಕ್ಕ ಬಂದದ್ದು ಸೋಮವಾರ ಬೆಳಿಗ್ಗೆ. ಹೆದ್ದಾರಿಯ ಬದಿಯಲ್ಲಿ ಲಾರಿ ತೂಗುವ ವೇಬ್ರಿಜ್ ನಡೆಸುವವಳು. ಗಂಡ ತೀರಿಕೊಂಡು ಒಂದು ವರ್ಷ ದಾಟಿತ್ತು. ಅವನು ಆರಡಿ ಆಳು, ಅವಳು ಮೇಸ್ತ್ರಿಯ ಎದೆಮಟ್ಟ. ಬಂದೂಕನ್ನು ಮಡಚಿ, ನಳಿಗೆ ಖಾಲಿ ಎಂದು ತೋರಿಸಿ, ಮೇಜಿನ ಮೇಲಿಟ್ಟಳು.

"ಇದನ್ನ ನನ್ನ ಅಳತೆಗೆ ಕೊಯ್ದುಕೊಡಿ ಮೇಸ್ತ್ರಿಗಳೇ."

"ಯಾಕಮ್ಮಾ ಬೇಕು? ಕಳ್ಳರ ಕಾಟವಾ?"

"ಕಳ್ಳರಿಗೆ ನಾಯಿ ಇದೆ. ಇದು ನಗೋರಿಗೆ."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಅವರಿದ್ದಾಗ ಇದು ಗೋಡೆ ಮೇಲಿತ್ತು. ಒಂದು ದಿನವೂ ಇಳಿಸಿದ್ದು ನಾನು ನೋಡಿಲ್ಲ. ಆದರೂ ಮುಳ್ಳು ತೋರಿಸಿದ ತೂಕವೇ ತೂಕ, ಯಾವ ಡ್ರೈವರೂ ಕಮಕ್ ಕಿಮಕ್ ಅನ್ನಲಿಲ್ಲ. ಅವರು ಹೋದ ಮೇಲೂ ಅದು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. ಒಬ್ಬ ಬಂದ, ತೂಕ ತಪ್ಪು, ತಿದ್ದು ಅಂದ. ತಿದ್ದಲ್ಲ ಅಂದೆ. ಗೋಡೆ ಕಡೆ ನೋಡಿ, 'ಅದು ನಿಮ್ಮ ಕೈಗೆ ಎಟುಕುತ್ತೇನಕ್ಕಾ?' ಅಂದ. ರೋಷ ಬಂತು. ಇಳಿಸಿದೆ. ಎತ್ತಿದರೆ ಹಿಂದಿನ ಮರ ಕಂಕುಳಿಗೆ ಸಿಕ್ಕಿಹಾಕ್ಕೊಳ್ತು, ಮೂತಿ ನೆಲ ನೋಡ್ತು. ಅವನು ಹೊಟ್ಟೆ ಹಿಡ್ಕೊಂಡು ನಕ್ಕ. ಅವನ ಹಿಂದಿದ್ದ ಮೂರು ಲಾರಿಯವರೂ ನಕ್ಕರು."

"ಅದಕ್ಕೆ..."

"ಅದಕ್ಕೆ ಎಂಟು ತಿಂಗಳು ಆಫೀಸು ಅಲೆದು ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿದೆ. ಪುಸ್ತಕದಲ್ಲಿ ನಾನಿದೀನಿ. ಈ ಮರದಲ್ಲಿ ಇನ್ನೂ ಅವರೇ ಇದಾರೆ."

ಟೇಪಮ್ಮ ಅವಳ ಮೊಣಕೈ ಮಡಿಸಿ, ಮಡಿಕೆಯಿಂದ ತೋರುಬೆರಳಿನವರೆಗೆ ಟೇಪು ಹಿಡಿದಳು. ತೋಳು ಸರಿಸಿದಾಗ ರೆಟ್ಟೆಯ ಮೇಲೆ ಅಂಗೈಯಗಲ ನೀಲಿಗಟ್ಟಿದ ಗುರುತು ಕಂಡಿತು. ಭುಜದ ಗುಳಿಯಲ್ಲಿ ಕೂರಬೇಕಾದ ಮರ ರೆಟ್ಟೆಯ ಮೇಲೆ ಕೂತರೆ ಆಗುವ ಗಾಯ ಅದು. ಅಂದರೆ ಅಕ್ಕ ಈ ಉದ್ದದ ಮರದಲ್ಲೇ ಗುರಿ ಕಲಿತಿದ್ದಾಳೆ, ಒಂದೆರಡು ದಿನವಲ್ಲ. ಟೇಪಮ್ಮ ಹುಟ್ಟಿದ ಮೇಲೆ ಗಿರಾಕಿಗೆ ಕೇಳಿದ ಮೊದಲ ಪ್ರಶ್ನೆ ಆಗ ಹೊರಬಿತ್ತು.

"ಹಾರಿಸ್ತೀರಾ ಅಕ್ಕಾ?"

ಅಕ್ಕ ಅವಳನ್ನೇ ನೋಡಿದಳು. "ಇದನ್ನ ಹಿಡಿಯೋಕೆ ಬಾರದೋರ ಕೈಯಲ್ಲೇ ಇದು ಹಾರೋದು, ತಂಗಿ. ನಾನು ಹಿಡಿಯೋದು ಕಲ್ತಿರೋದೇ ಹಾರಿಸಬಾರದು ಅಂತ. ಆದರೆ ಹಾರಿಸೋಕೆ ಆಗಲ್ಲ ಅಂತ ಯಾವನೂ ಅಂದ್ಕೊಬಾರದು."

ಒಂದೂವರೆ ಇಂಚು ಹೋಗಬೇಕು ಎಂದು ಟೇಪಮ್ಮ ಬರೆದುಕೊಂಡಳು. ಶನಿವಾರ ಬರುತ್ತೇನೆಂದು ಅಕ್ಕ ಹೊರಟಳು.

ಅವಳ ಸ್ಕೂಟರಿನ ಸದ್ದು ಅಡಗುವುದಕ್ಕಿಲ್ಲ, ಅವಳ ಭಾವ ಬಂದ. ಗಂಡನ ಅಣ್ಣ. ಶಾಲೆಯಿಂದ ಸ್ಮಶಾನದವರೆಗೆ ಊರಿನ ಯಾವ ಕಮಿಟಿಯೂ ಅವನಿಲ್ಲದೆ ಇಲ್ಲವಾದ್ದರಿಂದ ಎಲ್ಲರೂ ಅವನನ್ನು ಕಮಿಟಿ ಎಂದೇ ಕರೆಯುತ್ತಿದ್ದರು. ಗುರಿ ಹೊಡೆಯುವವರ ಕ್ಲಬ್ಬಿಗೂ ಅವನೇ ಅಧ್ಯಕ್ಷ. ಮೇಸ್ತ್ರಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕ್ಲಬ್ಬಿನದು.

"ಕೊಯ್ಯಬೇಡ ಅನ್ನಲ್ಲ ಮೇಸ್ತ್ರಿ," ಎಂದು ಸ್ಟೂಲಿನ ಮೇಲೆ ಕಾಲಿಟ್ಟ. "ಹೆಣ್ಣುಮಕ್ಕಳ ಆಸೆ, ಯಾಕೆ ಮುರೀಬೇಕು? ಆದರೆ ನೆಟ್ಟಗೆ ಕೊಯ್ಯಿ. ಕೊಯ್ದ ತುಂಡು ಎತ್ತಿಡು, ನನಗೆ ಕೊಡು. ಆರು ತಿಂಗಳು ಅಡ್ಡಾಡಿ ಸುಸ್ತಾಗಿ ಅವಳೇ ತಂದುಕೊಡ್ತಾಳೆ. ಎರಡು ಸ್ಕ್ರೂ ಬಿಗಿದರೆ ಮತ್ತೆ ನನ್ನ ತಮ್ಮನ ಬಂದೂಕು. ನನ್ನ ಮಗನ ಹೆಸರಿಗೆ ಮಾಡಿಸ್ತೀನಿ. ವೇಬ್ರಿಜ್ಜೂ ಅದರ ಹಿಂದೇ ಬರುತ್ತೆ."

"ಹಾಗೇ ಆಗಲಿ," ಎಂದ ಮೇಸ್ತ್ರಿ, ಕೈಯನ್ನು ಜೇಬಿನಿಂದ ತೆಗೆಯದೆ.

ಕಮಿಟಿ ಹೋದ ಮೇಲೆ ಟೇಪಮ್ಮ, "ನೆಟ್ಟಗೆ ಕೊಯ್ದರೆ ಅಕ್ಕನಿಗೆ ಕೂರಲ್ಲ ಅಪ್ಪ" ಎಂದಳು. "ಎದೆ ಇರೋರಿಗೆ ಕೆಳಗಿನ ಮೂಲೆ ಚುಚ್ಚುತ್ತೆ. ಓರೆಯಾಗಿ ಹೋಗಬೇಕು. ಕೆನ್ನೆ ಕೂರೋ ಜಾಗ ತಗ್ಗಿಸಬೇಕು, ಹಿಡಿ ಸಣ್ಣ ಮಾಡಬೇಕು. ನೀನೇ ಹೇಳಿಕೊಟ್ಟಿದ್ದು."

"ಹೇಳಿಕೊಟ್ಟಿದೀನಿ. ಅಷ್ಟೆಲ್ಲ ಮಾಡಿದರೆ ಆ ತುಂಡು ವಾಪಸ್ ಕೂರಲ್ಲ."

"ಕೂರಬಾರದು."

"ಎದುರಾಡಬೇಡ ಕೂಸೇ. ಮೊಸಳೆ ಜೊತೆ ಜಗಳ ಆಡೋರು ನದಿ ದಾಟಿದ ಮೇಲೆ ಆಡಬೇಕು. ನಾವಿನ್ನೂ ನಡುನೀರಲ್ಲಿದೀವಿ."

ಬುಧವಾರ ಮೇಸ್ತ್ರಿ ಅಕ್ರೋಟದ ಹಲಗೆ ಆರಿಸಲು ಡಿಪೋಗೆ ಹೋದ. ಟೇಪಮ್ಮ ಒಬ್ಬಳೇ ಉಳಿದಳು. ಮರವನ್ನು ಬಿಚ್ಚಿ ತೆಗೆದು, ಬಟ್ಟೆ ಸುತ್ತಿ ವೈಸಿಗೆ ಕಚ್ಚಿಸಿದಳು. ಕೊಯ್ಯುವ ಗೆರೆಯ ಸುತ್ತ ಅಂಟುಪಟ್ಟಿ ಬಿಗಿದಳು, ಅಂಚು ಸಿಬಿರು ಏಳದಿರಲೆಂದು. ಆಮೇಲೆ ಎರಡು ಗೆರೆ ಎಳೆದಳು: ಒಂದು ನೆಟ್ಟಗೆ, ಕಮಿಟಿ ಹೇಳಿದ್ದು, ಇನ್ನೊಂದು ಓರೆ, ತೋಳು ಹೇಳಿದ್ದು. ಗರಗಸ ಎತ್ತಿಕೊಂಡಳು, ಆದರೆ ಯಾವ ಗೆರೆಗೂ ಇಡಲಿಲ್ಲ.

ಬಂದೂಕು ಎಂದರೆ ಅವಳಿಗೆ ಎಂದೂ ಪ್ರೀತಿಯಿರಲಿಲ್ಲ. ಗುಂಡಿಗೆ ಯಾರ ತೋಳು ಎಷ್ಟುದ್ದ ಎಂಬುದು ಗೊತ್ತಾಗುವುದಿಲ್ಲ, ಯಾರ ಎದೆ ಎಂಬುದೂ. ಅಕ್ಕನ ಕೈಗೆ ಇದು ಸಲೀಸಾದರೆ, ನಾಳೆ ಏನಾದರೂ ಆದರೆ, ಅದರಲ್ಲಿ ತನ್ನದೂ ಒಂದು ಪಾಲು. ಅದನ್ನು ಅವಳು ತನ್ನಿಂದಲೇ ಮುಚ್ಚಿಡಲಿಲ್ಲ. ಆದರೆ ಕಮಿಟಿಯ ಮನೆಯಲ್ಲಿ ಮೂರು ಬಂದೂಕಿವೆ, ಮೂರಕ್ಕೂ ಇವಳೇ ಮರ ಕೂರಿಸಿದ್ದಾಳೆ. ಆಗ ಗರಗಸ ಒಮ್ಮೆಯೂ ತಡೆದಿರಲಿಲ್ಲ. ಆರಡಿ ಗಂಡಸರಿಗೆ ಕೇಳದ ಲೆಕ್ಕವನ್ನು ಐದಡಿಯೂ ಇಲ್ಲದವಳಿಗೆ ಯಾಕೆ ಕೇಳಬೇಕು? ಅದೂ ಅವಳಿಗೆ ಗೊತ್ತಿಲ್ಲದ ಹಾಗೆ, ಬೆನ್ನ ಹಿಂದೆ, ಎರಡು ಸ್ಕ್ರೂ ಲೆಕ್ಕ ಹಾಕಿಕೊಂಡು?

ಓರೆ ಗೆರೆಗೆ ಗರಗಸ ಇಟ್ಟಳು.

ಸಂಜೆ ಮೇಸ್ತ್ರಿ ಬರುವ ಹೊತ್ತಿಗೆ ಕೆನ್ನೆಯ ಜಾಗ ತಗ್ಗಿತ್ತು, ಹಿಡಿ ಸಣ್ಣದಾಗಿತ್ತು, ಹಿಂಭಾಗಕ್ಕೆ ರಬ್ಬರು ಕೂತಿತ್ತು, ಮೊದಲ ಕೈ ಎಣ್ಣೆಯೂ ಆಗಿತ್ತು. ಅವನು ಕೂಗಾಡಲಿಲ್ಲ. ನಡುಗುವ ಅಂಗೈಯನ್ನು ಮರದ ಉದ್ದಕ್ಕೂ ಎರಡು ಸಲ ಎಳೆದ. ಎಲ್ಲೂ ತಡೆಯಲಿಲ್ಲ. ಅದೇ ಅವನಿಗೆ ಹೆಚ್ಚು ಸಂಕಟವಾಯಿತೆಂದು ಕಾಣುತ್ತದೆ.

"ಶನಿವಾರ ನೀನು ಒಳಗಿರು," ಎಂದ ಕೊನೆಗೆ. "ಮರ ಒಡೀತು ಅಂತೀನಿ. ಹಳೇ ಮರ, ಸೀಳು ಬಿಟ್ಟಿತು, ಬೇರೆ ದಾರಿ ಇರಲಿಲ್ಲ ಅಂತೀನಿ. ಮರದ ತಪ್ಪಿಗೆ ಯಾರೂ ಯಾರನ್ನೂ ಬೈಯಲ್ಲ."

ಟೇಪಮ್ಮ ಆ ರಾತ್ರಿ ಊಟ ಬಡಿಸುವಾಗಲೂ ಮಾತಾಡಲಿಲ್ಲ. ಅವಳು ಮಾತಾಡದ್ದು ಹೊಸ ಸಂಗತಿಯೇನಲ್ಲ, ಹಾಗಾಗಿ ಮೇಸ್ತ್ರಿ ಒಪ್ಪಿಗೆಯೆಂದು ತಿಳಿದುಕೊಂಡ.

ಶನಿವಾರ ಅಕ್ಕ ಬರುವ ಮೊದಲೇ ಕಮಿಟಿ ಬಂದು ಕೂತಿದ್ದ. ಅಕ್ಕ ಬಂದವಳು ಭಾವನನ್ನು ನೋಡಿ ಹೊಸ್ತಿಲಲ್ಲೇ ನಿಂತಳು. "ನೀವೇನು ಭಾವ, ಇಲ್ಲಿ?"

"ನಮ್ಮ ಮನೆ ವಸ್ತು ನೋಡೋಕೆ ಬಂದೆ ಕಣಮ್ಮಾ. ಎಲ್ಲಿ ಮೇಸ್ತ್ರಿ, ಆ ತುಂಡು?"

"ಯಾವ ತುಂಡು?" ಎಂದಳು ಅಕ್ಕ.

ಮೇಸ್ತ್ರಿ ತುಂಡನ್ನು ಮೇಜಿನ ಮೇಲಿಟ್ಟ. ಕಮಿಟಿ ಅದನ್ನು ಬಂದೂಕಿನ ಹಿಂದಕ್ಕೆ ಒತ್ತಿ ಹಿಡಿದ. ಮಗುವಿನ ಕಾಲಿಗೆ ಅಪ್ಪನ ಚಪ್ಪಲಿ ಸಿಕ್ಕಿಸಿದ ಹಾಗೆ ಸುತ್ತಲೂ ಹೊರಚಾಚಿತು. ಮುಖ ಕೆಂಪಗಾಗಿ, ಬಂದೂಕನ್ನೇ ಎತ್ತಿ ತನ್ನ ಭುಜಕ್ಕೆ ಒತ್ತಿದ. ಮರ ಮೋಟು, ತೋಳು ಉದ್ದ. ಅವನ ಹೆಬ್ಬೆರಳು ಅವನ ಮೂಗಿಗೇ ಬಂದು ಬಡಿಯಿತು. ಕಣ್ಣಲ್ಲಿ ನೀರು ಬಂತು.

"ಏನಯ್ಯಾ ಇದು!"

"ಮರ ಹಳೇದು ಸ್ವಾಮಿ," ಎಂದ ಮೇಸ್ತ್ರಿ. "ಕೊಯ್ಯೋವಾಗ ಸೀಳು..."

"ಸೀಳಲಿಲ್ಲ."

ದನಿ ಯಾರದೆಂದು ತಿಳಿಯದೆ ಕಮಿಟಿ ಸುತ್ತ ನೋಡಿದ. ಒಳಬಾಗಿಲ ಪರದೆ ಸರಿಸಿಕೊಂಡು ಟೇಪಮ್ಮ ಬಂದು ಮೇಜಿನ ಈಚೆ ನಿಂತಿದ್ದಳು.

"ಮರ ಚೆನ್ನಾಗಿತ್ತು. ಎಲ್ಲೂ ಸೀಳಲಿಲ್ಲ. ಬೇಕು ಅಂತಲೇ ಹಾಗೆ ಕೊಯ್ದದ್ದು. ಅಪ್ಪ ಅಲ್ಲ, ನಾನು."

"ನೀನಾ?"

"ಅಕ್ಕಾ, ಇವರು ಸೋಮವಾರ ಬಂದು, 'ತುಂಡು ಎತ್ತಿಡಿ, ಆರು ತಿಂಗಳಾದ ಮೇಲೆ ಎರಡು ಸ್ಕ್ರೂ ಹಾಕಿ ವಾಪಸ್ ಕೂರಿಸ್ತೀನಿ' ಅಂತ ಹೇಳಿ ಹೋಗಿದ್ರು. ಬಂದೂಕಿನ ಹಿಂದೆ ವೇಬ್ರಿಜ್ಜೂ ಬರುತ್ತೆ ಅಂದಿದ್ರು. ಇನ್ನು ಅದು ಯಾರಿಗೂ ವಾಪಸ್ ಕೂರಲ್ಲ. ನಿಮಗೆ ಮಾತ್ರ ಕೂರೋದು."

ಅಕ್ಕ ಭಾವನ ಕೈಯಿಂದ ಬಂದೂಕನ್ನು ತೆಗೆದುಕೊಂಡಳು, ಕಸಿದುಕೊಂಡ ಹಾಗೇನೂ ಕಾಣಲಿಲ್ಲ. ಖಾಲಿ ಗೋಡೆಯ ಕಡೆ ತಿರುಗಿ ಒಮ್ಮೆ ಭುಜಕ್ಕೆ ತಂದಳು. ಮರ ಗುಳಿಯಲ್ಲಿ ಹೋಗಿ ಕೂತಿತು, ಕೆನ್ನೆ ಅದರ ಮೇಲೆ ಕೂತಿತು, ನಳಿಗೆ ಎಲ್ಲೂ ತೂಗಾಡಲಿಲ್ಲ. ಆಮೇಲೆ ಕೆಳಗಿಳಿಸಿದಳು.

"ಮೇಸ್ತ್ರಿ," ಕಮಿಟಿ ಮೂಗು ಸವರಿಕೊಳ್ಳುತ್ತ ಎದ್ದ. "ಕ್ಲಬ್ಬಿನವರು ನಿನ್ನ ಕೈ ನಂಬಿ ಕೆಲಸ ಕೊಡ್ತಿದ್ರು. ಹುಡುಗಿ ಕೊಯ್ದ ಮರಾನ ಯಾವ ಗಂಡಸು ಭುಜಕ್ಕಿಡ್ತಾನೆ?"

"ನೀವು," ಎಂದಳು ಟೇಪಮ್ಮ. "ಎರಡು ವರ್ಷದಿಂದ ನಿಮ್ಮ ಮೂರಕ್ಕೂ ನಾನೇ ಮಾಡಿರೋದು. ಹೋದ ವರ್ಷ ಪಂದ್ಯದ ಕಪ್ಪು ಗೆದ್ದದ್ದು ಅದರಲ್ಲೇ ಅಲ್ವಾ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಲಾರಿಯವರ ನಗುವಿನ ಹಾಗೇ ಇತ್ತು ಅದು, ಹೊಟ್ಟೆ ಹಿಡಿದುಕೊಂಡು ನಗುವ ನಗು. ಕಮಿಟಿ ಮೇಸ್ತ್ರಿಯ ಕಡೆ ನೋಡಿದ, ಸುಳ್ಳೆಂದು ಹೇಳಲಿ ಎಂದು. ಮೇಸ್ತ್ರಿ ಹೇಳಲಿಲ್ಲ. ಬಾಗಿಲನ್ನು ಧಡ್ಡೆಂದು ಬಡಿದು ಕಮಿಟಿ ಹೊರಟುಹೋದ. ಎಣ್ಣೆ ಇನ್ನೂ ಎರಡು ದಿನ ಒಣಗಬೇಕು ಎಂದರೂ ಕೇಳದೆ ಅಕ್ಕ ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಅವನ ಹಿಂದೆಯೇ ಹೊರಟಳು. ಗೋಡೆಯ ಮೊಳೆ ಕೆಳಕ್ಕೆ ಹೊಡೆಸಬೇಕಂತೆ.

ಅಂಗಡಿಯಲ್ಲಿ ಅಪ್ಪ ಮಗಳಿಬ್ಬರೇ ಉಳಿದರು. ಮೇಸ್ತ್ರಿ ಮೇಜಿನ ಮೇಲೆ ಉಳಿದಿದ್ದ ತುಂಡನ್ನು ಎತ್ತಿಕೊಂಡ.

"ಸಂಜೆಯೊಳಗೆ ಊರಿಗೆಲ್ಲ ಡಂಗುರ ಸಾರ್ತಾನೆ," ಎಂದ. "ನನ್ನ ಕೈ ಕೆಟ್ಟಿದೆ, ಇಲ್ಲಿ ಮರ ಮಾಡೋಳು ನೀನು ಅಂತ. ಒಂದು ಕಮಿಟಿ ಬಿಡಲ್ಲ, ಎಲ್ಲಾ ಕಡೆ ಹೇಳ್ತಾನೆ."

"ಹೇಳಲಿ ಅಪ್ಪ," ಎಂದಳು ಟೇಪಮ್ಮ. "ಅಷ್ಟು ದೊಡ್ಡ ಬಾಯಿ ನಮಗೆ ಬೇರೆಲ್ಲಿ ಸಿಗುತ್ತೆ?"