ಬೋರಯ್ಯನ ಕ್ಯಾರಿಯರ್‌ಗಳು

ಗೇಟಿಗೆ ಏನೋ ತಗಲಿ ಠಣ್ ಎಂದದ್ದೇ ತಡ, ಸರೋಜ ಕೈಯಲ್ಲಿದ್ದ ಫೋನನ್ನು ಕುರ್ಚಿಯ ಮೇಲೆ ಬೋರಲು ಹಾಕಿ ಎದ್ದಳು. ಆ ಫೋನಿನೊಳಗೆ ಆಗಷ್ಟೇ ಅವಳ ಗಂಡ ಬೋರಯ್ಯನನ್ನು ಮೆಲಾಕಾದ ಚಿತಾಗಾರದ ಕಬ್ಬಿಣದ ಬಾಗಿಲಿನೊಳಗೆ ತಳ್ಳಿದ್ದರು. ತಳ್ಳಿದವರು ಇಬ್ಬರು, ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟವರು. ವಿಡಿಯೋ ಕಾಲ್ ಹಿಡಿದು ನಿಂತವನು ಮೂರನೆಯವನು. ಇಪ್ಪತ್ತಮೂರು ವರ್ಷ ಈ ಮಲಯರ ದೇಶದಲ್ಲಿ ಕಂಡಕಂಡವರಿಗೆ ಅನ್ನ ಬೇಯಿಸಿ ಹಾಕಿದ ಮನುಷ್ಯನ ಕೊನೆಗೆ ಅಷ್ಟೇ ಜನ. ಚೀಲದ ಜಿಪ್ಪು ತೆಗೆಯುವ ಹಾಗಿರಲಿಲ್ಲ. ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುವ ಶಾಸ್ತ್ರವೂ ಆಗಲಿಲ್ಲ.

"ಅಮ್ಮಾ, ಎಲ್ಲಿ ಹೋದೆ?" ಬೋರಲು ಬಿದ್ದ ಫೋನಿನಿಂದ ಮಗಳು ಇಂಚರಳ ದನಿ. ಅವಳೂ ಕೊರೋನಾ ಪಾಸಿಟಿವ್ ಆಗಿ ದೂರದ ಪುಚೊಂಗಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು.

"ತಡಿಯೇ, ಊಟ ಬಂತು ಅನ್ಸುತ್ತೆ."

ಗೇಟಿನ ಹೊರಗೆ ಯಾರೂ ಇರಲಿಲ್ಲ. ಕಂಬಿಗೆ ಒಂದು ಐದು ಡಬ್ಬಿಯ ಕ್ಯಾರಿಯರ್ ತೂಗುತ್ತಿತ್ತು. ಮುಚ್ಚಳದ ಮೇಲೆ ಚಾಮರಾಜನಗರದ ಪಾತ್ರೆ ಅಂಗಡಿಯಲ್ಲಿ ಕೊರೆಸಿದ 'ಬೋ' ಎಂಬ ಅಕ್ಷರ ಕಂಡು ಸರೋಜಳಿಗೆ ಜೀವ ಬಂದಂತಾಯಿತು. ಬೋರಯ್ಯನದೇ ಪಾತ್ರೆ. ಐದು ಡಬ್ಬಿಯದು ಅದೊಂದೇ, ಅದೇ ಊರಿನ ಶ್ರೀಪತಿಯ ಮನೆಗೆ ಊಟ ಹೊತ್ತು ಹೋಗಿ ಏಳು ವರ್ಷವಾಗಿತ್ತು. ಪರವಾಗಿಲ್ಲ, ಶ್ರೀಪತಿ ಮರೆತಿಲ್ಲ ಎಂದುಕೊಂಡು ಎತ್ತಿದಳು. ಎತ್ತಿದ ಕೈಗೇ ಗೊತ್ತಾಯಿತು. ಆದರೂ ಒಂದೊಂದೇ ಡಬ್ಬಿ ಬಿಚ್ಚಿ ನೋಡಿದಳು. ಐದೂ ಖಾಲಿ. ಡೆಟಾಲಿನ ವಾಸನೆ ಮೂಗಿಗೆ ಹೊಡೆಯಿತು.

ಬೆಳಿಗ್ಗೆಯಿಂದ ಹಾಗೆ ಬಂದದ್ದು ಅದು ಮೂರನೆಯದು.

ಪೆಕಾನ್ ರಂಬಾಯ್ ಎಂಬ ಆ ಊರು ದೊಡ್ಡದೇನಲ್ಲ. ಸುತ್ತ ತಾಳೆ ತೋಟ, ನಡುವೆ ಒಂದು ಎಣ್ಣೆ ಮಿಲ್ಲು, ಮಿಲ್ಲಿನವರ ಐದು ಸಾಲು ಮನೆ, ತಮಿಳು ಮುಸ್ಲಿಮರ ಒಂದು ಮಾಮಕ್ ಹೋಟೆಲು, ಒಂದು ಮಾರಿಯಮ್ಮನ ಗುಡಿ. ತಮಿಳರು, ಚೀನಿಯರು, ಮಲಯರು. ಕನ್ನಡದ ಮನೆ ಮೂರೇ ಮೂರು. ಮೊದಲ ಸಾಲಿನಲ್ಲಿ ಯಾರಾದರೂ ಸೀನಿದರೆ ಐದನೆಯ ಸಾಲಿನವರು ಕಷಾಯ ಹೇಳುತ್ತಾರೆ. ಹೇಳುತ್ತಾರೆ, ಅಷ್ಟೆ. ಕಾಯಿಸಿ ತರುತ್ತಿದ್ದವನು ಬೋರಯ್ಯ ಒಬ್ಬನೇ. ಮೆಲಾಕಾದ ಮೆಡಿಕಲ್ ಕಾಲೇಜಿಗೆ ಪಾಠ ಹೇಳಲು ಬಂದ ಮೈಸೂರಿನ ಡಾಕ್ಟರೊಬ್ಬರಿಗೆ ಅಡಿಗೆಯವನಾಗಿ ಬಂದವನು. ಡಾಕ್ಟರು ವಾಪಸ್ ಹೋದರು, ಇವನು ಮಿಲ್ಲಿನ ಕ್ಯಾಂಟೀನು ಹಿಡಿದು ಇಲ್ಲೇ ನಿಂತ.

ಸಾವಾದ ಮನೆಯಲ್ಲಿ ಆ ದಿನ ಒಲೆ ಹಚ್ಚಬಾರದು, ನೆರೆಯವರು ಅನ್ನ ತರಬೇಕು. ಊರಿನಿಂದ ಬೋರಯ್ಯ ಈ ಪದ್ಧತಿಯನ್ನು ಬಿಡದೆ ತಂದಿದ್ದ. ಯಾರೇ ಸಾಯಲಿ, ಸುದ್ದಿ ಕಿವಿಗೆ ಬಿದ್ದ ಕೂಡಲೇ ಒಲೆಗೆ ದೊಡ್ಡ ಡೇಗಸೆ ಇಡುತ್ತಿದ್ದ. ಅನ್ನ, ಒಗ್ಗರಣೆ ಇಲ್ಲದ ಬೇಳೆಸಾರು, ಮೊಸರು. ಹೀಗೆ ಹದಿನೈದು ಇಪ್ಪತ್ತು ವರ್ಷ ನಡೆದ ಮೇಲೆ ಊರವರಿಗೆ ಸಾವಿನ ಮನೆಗೆ ಊಟ ಒಯ್ಯುವುದು ಬೋರಯ್ಯನ ಕೆಲಸ ಎಂದಾಗಿಬಿಟ್ಟಿತ್ತು. ಬೋರಯ್ಯನೇ ಸತ್ತರೆ ಅದು ಯಾರ ಕೆಲಸ ಎಂದು ಯಾರೂ ಯೋಚಿಸಿರಲಿಲ್ಲ.

ಸರೋಜಳಿಗೆ ಹಸಿವೇನೂ ಇರಲಿಲ್ಲ. ಆದರೆ ಇವತ್ತು ಸೂರ್ಯ ಮುಳುಗುವುದರೊಳಗೆ ಯಾರ ಮನೆಯಿಂದಲಾದರೂ ಒಂದು ತುತ್ತು ಬರಬೇಕಿತ್ತು. ಬಾರದೆ ಹೋದರೆ, ಆ ಮನುಷ್ಯ ಇಷ್ಟು ವರ್ಷ ಮನೆಮನೆಗೆ ಹೊತ್ತದ್ದು ಬರೀ ಸ್ಟೀಲು ಎಂದಾಗುತ್ತಿತ್ತು.

*

ಶ್ರೀಪತಿಯ ತಾಯಿ ತೀರಿಕೊಂಡ ದಿನ ಬೋರಯ್ಯ ಕ್ಯಾಂಟೀನಿಗೆ ಬೀಗ ಹಾಕಿ ಹೋಗಿದ್ದ. ಶ್ರೀಪತಿ ಮಿಲ್ಲಿನ ಆಫೀಸಿನವನು, ಮನೆಗಳ ಕಮಿಟಿಯ ಸೆಕ್ರೆಟರಿ, ಎಲ್ಲರಿಗೂ ಬುದ್ಧಿ ಹೇಳುವವನು. ಅಂದು ಮಾತ್ರ ಗೋಡೆಗೆ ಮುಖ ಮಾಡಿ ಕೂತಿದ್ದ. ಬೋರಯ್ಯ ಸಾರನ್ನ ಕಲಸಿ, ಉಂಡೆ ಮಾಡಿ, ಅವನ ಅಂಗೈಯಲ್ಲಿಟ್ಟ.

"ತಿನ್ನಿ ಸಾ. ಅವ್ವ ಇದ್ದಿದ್ರೆ ಹಸ್ಕಂಡು ಕೂರಕೆ ಬುಡ್ತಿದ್ಲಾ?"

ಶ್ರೀಪತಿ ಅಳುತ್ತಲೇ ತಿಂದ. ಎರಡು ಸಲ ಬಡಿಸಿಕೊಂಡ.

ಆ ಕ್ಯಾರಿಯರ್ ವಾಪಸ್ ಬರಲಿಲ್ಲ. ವರ್ಷ ಕಳೆದ ಮೇಲೆ ಸರೋಜ, "ನಾನೇ ಹೋಗಿ ಕೇಳ್ತೀನಿ" ಅಂದಿದ್ದಳು.

"ಸಾವಿನ ಮನೆಗೆ ಕೊಟ್ಟ ಪಾತ್ರೆ ಕೇಳಬಾರ್ದು ಕಣೆ. ಅದಾಗದೇ ಬರಬೇಕು."

"ಬಂದ್ರೆ ಬರಿದೇ ಬರುತ್ತೆ ಬಿಡಿ, ಈ ಜನದ ಬುದ್ಧಿ ಗೊತ್ತಲ್ಲ."

"ಅವರು ಬರಿದು ಕಳಿಸ್ಲಿ. ನಮ್ಮನೆಯಿಂದ ಮಾತ್ರ ಯಾರ ಪಾತ್ರೇನೂ ಬರಿದು ಹೋಗಬಾರ್ದು. ಏನೂ ಇಲ್ದೇ ಇದ್ರೆ ಒಂದು ಹಿಡಿ ಅಕ್ಕಿನಾರ ಹಾಕು."

*

ಮಧ್ಯಾಹ್ನದ ಹೊತ್ತಿಗೆ ಕ್ಯಾರಿಯರ್‌ಗಳು ಆರಾದವು. ಪಕ್ಕದ ಮನೆಯ ಗುಲಾಬಿ ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ಗೋಡೆಯಾಚೆ ನಿಂತಳು. ಮಂಗಳೂರಿನ ಕಡೆಯವಳು, ಸ್ವಭಾವದಲ್ಲಿ ಕೆಟ್ಟವಳಲ್ಲ.

"ಎಂತ ಹೇಳುದು ಸರೋಜಕ್ಕ. ದೇವರಂತ ಮನುಷ್ಯ."

"ಪಾತ್ರೆ ಯಾಕೆ ಎಲ್ಲಾ ಇವತ್ತೇ ಬರ್ತಿದೆ ಗುಲಾಬಿ?"

ಗುಲಾಬಿ ಕಾಲ ಬೆರಳು ನೋಡಿದಳು. "ನಿಮಗೆ ಗೊತ್ತಿಲ್ವಾ? ಶ್ರೀಪತಿಯವರು ಗ್ರೂಪಲ್ಲಿ ಹಾಕಿದ್ದಾರಲ್ಲ. ಬೋರಣ್ಣನ ಮನೆ ಪಾತ್ರೆ ಯಾರತ್ರ ಇದ್ರೂ ವಾಪಸ್ ಕೊಟ್ಬಿಡಿ, ವೈರಸ್ಸು ಸ್ಟೀಲಿನ ಮೇಲೆ ಇರ್ತದೆ ಅಂತ."

ಏಳು ವರ್ಷದ ಹಿಂದಿನ ಸ್ಟೀಲಿನ ಮೇಲೆ! ಸರೋಜಳಿಗೆ ನಗು ಬಂತು.

"ನಿಮ್ಮ ಊಟ ಆಯ್ತಲ್ಲ ಅಕ್ಕ?" ಗುಲಾಬಿ ಕೇಳಿದಳು. "ನಾನು ಮಾಡುವಾ ಅಂತ ಇದ್ದೆ. ನಮ್ಮವರು ಬೇಡ ಅಂದ್ರು, ಮಕ್ಕಳಿರುವ ಮನೆ. ಮತ್ತೆ ಶ್ರೀಪತಿಯವರಲ್ಲಿಂದ ಬಂದಿರ್ಬಹುದು ಅಂತ ಸುಮ್ಮನಾದೆ."

"ಬಂತು," ಅಂದಳು ಸರೋಜ. "ಬೆಳಿಗ್ಗೆಯೇ ಅವರಲ್ಲಿಂದ ಬಂತು."

"ಹಾಂ, ಒಳ್ಳೇದಾಯ್ತು ಬಿಡಿ." ಗುಲಾಬಿ ನಿಜಕ್ಕೂ ನಿರಾಳವಾಗಿ ಒಳಗೆ ಹೋದಳು.

ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಕೈಮುಗಿದ ಚಿತ್ರಗಳು ಎಂಬತ್ತನ್ನು ದಾಟಿದ್ದವು. ಎಲ್ಲರೂ ದುಃಖ ಪಟ್ಟಿದ್ದರು. ಎಲ್ಲರೂ ಅನ್ನ ಇನ್ನೊಬ್ಬರ ಮನೆಯಿಂದ ಬಂದಿದೆ ಎಂದುಕೊಂಡಿದ್ದರು. ಫೋನಿನಲ್ಲಿ ಮೊಮ್ಮಗಳು ಪೂರ್ವಿ, "ಅಜ್ಜಿ, ಹ್ಯಾವ್ ಯೂ ಈಟನ್?" ಎಂದು ಕೇಳಿದಳು. ಅವಳಿಗೂ ಸರೋಜ "ಹೂಂ" ಎಂದಳು.

*

ಲಾಕ್‌ಡೌನಿನ ಎರಡನೆಯ ವರ್ಷ ದೇಶದ ತುಂಬ ಒಂದು ಮಾತು ಹಬ್ಬಿತ್ತು: ಮನೆಯಲ್ಲಿ ಅಕ್ಕಿ ಮುಗಿದವರು ಬಾಗಿಲಿಗೆ ಒಂದು ಬಿಳಿ ಬಟ್ಟೆ ಕಟ್ಟಲಿ, ಕಂಡವರು ನೆರವಾಗಲಿ. ಮಿಲ್ಲು ಮುಚ್ಚಿದ ಮೇಲೆ ಪೆಕಾನ್ ರಂಬಾಯಿಯಲ್ಲೂ ಬಿಳಿ ಬಾವುಟಗಳು ಕಂಡವು. ಬೋರಯ್ಯನಿಗೆ ಕೇಳಬೇಕೆ? ಉಳಿದಿದ್ದ ಕ್ಯಾರಿಯರ್‌ಗಳನ್ನೆಲ್ಲ ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟ.

"ಅರವತ್ತನಾಲ್ಕು ವರ್ಷ ನಿಮಗೆ. ಸುಮ್ನೆ ಮನೇಲಿರಿ," ಸರೋಜ ಬೈದಳು.

"ಗೇಟಿಗೆ ನೇತಾಕಿ ಬತ್ತೀನಿ ಕಣೆ. ಯಾರ ಮೊಕಾನೂ ನೋಡಕಿಲ್ಲ. ನೋಡಿದ್ರೆ ಅವ್ರಿಗೇ ನಾಚ್ಕೆ."

ಎರಡು ವಾರಕ್ಕೆ ಜ್ವರ ಬಂತು. ಆಂಬುಲೆನ್ಸು ಬಂದಾಗ ಎದುರು ಸಾಲಿನ ಕಿಟಕಿಗಳಲ್ಲಿ ಪರದೆಗಳು ಅಲುಗಿದವು. ಮರುದಿನ ಗ್ರೂಪಿನಲ್ಲಿ ಯಾರೋ ಬರೆದರು, ಊರೆಲ್ಲ ಸುತ್ತಿ ರೋಗ ತಂದನಲ್ಲ ಎಂದು. ಯಾರೂ ಅಲ್ಲವೆನ್ನಲಿಲ್ಲ. ಸರೋಜಳ ಕೈಗೆ ಕ್ವಾರಂಟೈನಿನ ಪಿಂಕ್ ಪಟ್ಟಿ ಬಿತ್ತು. ಹತ್ತು ದಿನ ಗೇಟು ದಾಟುವ ಹಾಗಿರಲಿಲ್ಲ. ಗಂಡ ಸತ್ತ ಸುದ್ದಿ ಬಂದಾಗಲೂ ಕೈಯಲ್ಲಿ ಅದು ಇತ್ತು. ಬಳೆ ತೆಗೆಸಲೂ ಯಾರೂ ಬರಲಿಲ್ಲ, ಅದೊಂದು ಉಪಕಾರ.

*

ನಾಲ್ಕು ಗಂಟೆಗೆ ಏಳನೆಯ ಕ್ಯಾರಿಯರ್ ಬಂತು. ಸರೋಜ ಅದನ್ನು ತೆರೆದೂ ನೋಡದೆ ಉಳಿದವುಗಳ ಪಕ್ಕ ಇಟ್ಟಳು. ಸುಮ್ಮನೆ ಕೂರಲಾಗದೆ, ಆಸ್ಪತ್ರೆಗೆ ಹೋಗುವ ದಿನ ಬೋರಯ್ಯ ಬಿಚ್ಚಿಟ್ಟಿದ್ದ ಬಿಳಿ ಪಂಚೆಯನ್ನು ಒಗೆದಳು. ಹಿತ್ತಲಿನ ತಂತಿಗೆ ಬಿಸಿಲಿರಲಿಲ್ಲ. ಮುಂದಿನ ಗೇಟಿನ ಮೇಲೆ ಹರವಿದಳು. ಅವಳ ತಲೆಯಲ್ಲಿ ಆಗ ಬಾವುಟವೂ ಇರಲಿಲ್ಲ, ಊರೂ ಇರಲಿಲ್ಲ. ಅಂಚಿನಲ್ಲಿ ಹೋಗದೆ ಉಳಿದ ಅರಿಸಿನದ ಕಲೆಯೊಂದನ್ನೇ ನೋಡುತ್ತಿದ್ದಳು.

ಅರ್ಧ ಗಂಟೆಯಲ್ಲಿ ಕಾರು ಬಂದು ನಿಂತಿತು. ಶ್ರೀಪತಿ ಇಳಿದ, ಹಿಂದೆ ಕಮಿಟಿಯ ಮಹೇಶ ಐದು ಕಿಲೋ ಅಕ್ಕಿಯ ಚೀಲ, ಎಣ್ಣೆ, ಬಿಸ್ಕತ್ತಿನ ಡಬ್ಬ ಹೊತ್ತು ಇಳಿದ.

"ಏನಕ್ಕ ಇದು, ಒಂದು ಮೆಸೇಜ್ ಹಾಕಿದ್ರೆ ಸಾಕಾಗ್ತಿತ್ತಲ್ಲ. ಫ್ಲ್ಯಾಗ್ ಕಟ್ಟೋವರೆಗೂ ಬರ್ಬೇಕಾ? ನಾವಿಲ್ವಾ?" ಶ್ರೀಪತಿಯ ದನಿಯಲ್ಲಿ ಕಳಕಳಿ ತುಂಬಿತ್ತು. "ನೀವು ಅಲ್ಲೇ ನಿಂತ್ಕೊಳ್ಳಿ, ಡಿಸ್ಟೆನ್ಸ್ ಇರ್ಲಿ. ಅಕ್ಕಿ ಚೀಲ ಸ್ವಲ್ಪ ಈ ಕಡೆ. ಮಹೇಶ, ತಗೊ."

ಮಹೇಶ ಫೋಟೋ ತೆಗೆದ. ಸರೋಜಳಿಗೆ ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಅದು ಆಗಿಹೋಗಿತ್ತು.

"ಬೆಳಿಗ್ಗೆ ನಿಮ್ಮನೆಯಿಂದ ಕ್ಯಾರಿಯರ್ ಬಂತು," ಅಂದಳು.

"ಹಾಂ, ನನ್ನ ವೈಫ್ ಕಳಿಸಿದ್ಲು."

"ಒಳಗೇನೂ ಇರ್ಲಿಲ್ಲ."

"ಏನೂ ಇರಲ್ಲ ಅಕ್ಕ, ಧೈರ್ಯವಾಗಿರಿ. ಬಿಸಿನೀರಲ್ಲಿ ಎರಡು ಸಲ ತೊಳೆಸಿದೀನಿ."

ಸರೋಜ ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

"ಅದು ಫ್ಲ್ಯಾಗ್ ಅಲ್ಲ ಶ್ರೀಪತಿಯವರೇ. ಅವರ ಪಂಚೆ. ಒಣಗೋಕೆ ಹಾಕಿದೀನಿ."

ಶ್ರೀಪತಿ ಪಂಚೆ ನೋಡಿದ, ಮಹೇಶನನ್ನು ನೋಡಿದ. "ಅಯ್ಯೋ, ಸಾರಿ ಅಕ್ಕ. ಫೋಟೋ ಗ್ರೂಪಿಗೆ ಹೋಗ್ಬಿಡ್ತು. ಇರ್ಲಿ, ಅಕ್ಕಿ ಹೆಂಗೂ ಬೇಕಾಗುತ್ತಲ್ಲ." ಕಾರು ಬೇಗ ಹೊರಟಿತು.

ಒಳಗೆ ಫೋನು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು. ಕಮಿಟಿಯ ಕೆಲಸಕ್ಕೆ ಊರು ಚಪ್ಪಾಳೆ ತಟ್ಟುತ್ತಿತ್ತು.

ಸರೋಜ ಅಕ್ಕಿಯ ಚೀಲವನ್ನು ಎಳೆದು ತಂದು, ಈಳಿಗೆಗೆ ಒತ್ತಿ ಬಾಯಿ ಕತ್ತರಿಸಿದಳು. ಏಳು ಕ್ಯಾರಿಯರ್‌ಗಳನ್ನು ಒಂದೊಂದಾಗಿ ಗೇಟಿಗೆ ಒಯ್ದಳು. ಎಲ್ಲಕ್ಕಿಂತ ಮುಂದೆ ಐದು ಡಬ್ಬಿಯದು.

"ಅಮ್ಮಾ, ಏನದು ಸದ್ದು?" ಇಂಚರ ಫೋನಿನಲ್ಲಿ ಕೇಳಿದಳು. "ಯಾರಾದ್ರೂ ಬಂದಿದಾರಾ?"

"ಯಾರೂ ಇಲ್ಲ ಕಣೆ. ಪಾತ್ರೆ ವಾಪಸ್ ಕಳಿಸ್ತಿದೀನಿ. ಬರಿದು ಕಳಿಸಿದ್ರೆ ನಿಮ್ಮಪ್ಪ ಬೈತಾರೆ."

ಎದುರು ಸಾಲಿನಲ್ಲಿ ಒಂದೊಂದೇ ಪರದೆ ಸರಿಯಿತು, ಒಂದೊಂದೇ ಮುಚ್ಚಿಕೊಂಡಿತು. ಗೇಟಿನ ಮೇಲೆ ಇನ್ನೂ ನೀರು ತೊಟ್ಟಿಕ್ಕುವ ಪಂಚೆ. ಅದರ ಕೆಳಗೆ ಸಾಲಾಗಿ ಮುಚ್ಚಳ ತೆಗೆದ ಏಳು ಕ್ಯಾರಿಯರ್. ಒಂದೊಂದರ ಬಾಯಲ್ಲೂ ಒಂದೊಂದು ಹಿಡಿ ಅಕ್ಕಿ.